ಹನ್ನೆರಡು ವರ್ಷ ಬಿಡದೆ ಬಂದವರಿಗೆ: ಸೇಂಟ್ ಜಾನ್ ಸೇವಾ ಪದಕದ ಕತೆ

ವಿಕ್ಟೋರಿಯಾ ರಾಣಿ ತೀರಿಕೊಂಡಿದ್ದು 1901ರಲ್ಲಿ. ಆಮೇಲೆ ಬ್ರಿಟನ್ನಿನ ಸಿಂಹಾಸನದ ಮೇಲೆ ಆರು ಮಂದಿ ಕೂತಿದ್ದಾರೆ. ಪ್ರತಿಸಲವೂ ನಾಣ್ಯದ ಮುಖ ಬದಲಾಯಿತು, ಅಂಚೆಚೀಟಿ ಬದಲಾಯಿತು, ಸೈನಿಕರ ಪದಕಗಳೂ ಬದಲಾದವು. ಒಂದೇ ಒಂದು ಪದಕ ಮಾತ್ರ ಬದಲಾಗಲಿಲ್ಲ. ಅದರ ಮೇಲೆ ಈಗಲೂ ವಿಕ್ಟೋರಿಯಾ ರಾಣಿಯ ಮುಖವೇ ಇದೆ. ಇವತ್ತು ಅದನ್ನು ಎದೆಗೆ ಹಾಕಿಸಿಕೊಳ್ಳುವವರು ಹುಟ್ಟುವ ಎಷ್ಟೋ ಮೊದಲೇ ಆ ರಾಣಿ ಮಣ್ಣಾಗಿದ್ದರು.

ಅದು ಯುದ್ಧ ಗೆದ್ದವರಿಗೆ ಕೊಡುವ ಪದಕ ಅಲ್ಲ. ಜೀವದ ಹಂಗು ತೊರೆದು ಯಾರನ್ನೋ ಕಾಪಾಡಿದವರಿಗೂ ಅಲ್ಲ, ಅದಕ್ಕೆ ಬೇರೆ ಪದಕ ಇದೆ. ಇದು ಪ್ರಥಮ ಚಿಕಿತ್ಸೆಯ ಚೀಲ ಹೆಗಲಿಗೆ ಹಾಕಿಕೊಂಡು, ಸಂಬಳ ಇಲ್ಲದೆ, ವರ್ಷದ ಮೇಲೆ ವರ್ಷ ಬಿಡದೆ ಬಂದವರಿಗೆ ಸಿಗುವುದು. ಹೆಸರು, ಆರ್ಡರ್ ಆಫ್ ಸೇಂಟ್ ಜಾನ್ ಸಂಸ್ಥೆಯ ಸೇವಾ ಪದಕ.

ಸೇಂಟ್ ಜಾನ್ ಅಂದಕೂಡಲೇ ಬೆಂಗಳೂರಿನವರಿಗೆ ಕೋರಮಂಗಲದ ಆಸ್ಪತ್ರೆ ನೆನಪಾಗುತ್ತದೆ. ಅದು ಬೇರೆ. ಆ ವೈದ್ಯಕೀಯ ಕಾಲೇಜನ್ನು 1963ರಲ್ಲಿ ಶುರುಮಾಡಿದ್ದು ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಂಘಟನೆ. ನಾನು ಹೇಳುತ್ತಿರುವುದು ಸೇಂಟ್ ಜಾನ್ ಆಂಬುಲೆನ್ಸ್ ಬಗ್ಗೆ. ಕಂಡಕ್ಟರ್ ಲೈಸೆನ್ಸ್ ಮಾಡಿಸಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತಿರುತ್ತದೆ. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಇಲ್ಲದೆ ಆ ಲೈಸೆನ್ಸ್ ಸಿಗುವುದಿಲ್ಲ, ಮತ್ತು ಆ ಸರ್ಟಿಫಿಕೇಟಿನ ಮೇಲೆ ಎಷ್ಟೋ ಸಲ ಇರುವುದು ಇದೇ ಹೆಸರು. ಎಂಟು ಮೊನೆಯ ಬಿಳಿ ಶಿಲುಬೆ ಇದರ ಗುರುತು.

ಪದಕ ಅರ್ಥವಾಗಬೇಕಾದರೆ ಮೊದಲು ಆ ಸಂಸ್ಥೆ ಅರ್ಥವಾಗಬೇಕು. ಅದರ ಕತೆ ಸ್ವಲ್ಪ ಉದ್ದ, ಆದರೆ ಕೇಳುವಂಥದ್ದು.

ಮಠವೊಂದು ಆಸ್ಪತ್ರೆಯಾದ ಬಗೆ

ಆರ್ಡರ್ ಅನ್ನುವ ಮಾತಿಗೆ ನಮ್ಮಲ್ಲಿ ಹತ್ತಿರದ ಕಲ್ಪನೆ ಅಂದರೆ ಮಠದ ಪರಂಪರೆ. ದೀಕ್ಷೆ ಇರುತ್ತದೆ, ನಿಯಮ ಇರುತ್ತದೆ, ತೊಡುವ ಬಟ್ಟೆಗೂ ಒಂದು ಕಟ್ಟುಪಾಡು ಇರುತ್ತದೆ. ನಮ್ಮ ಎಷ್ಟೋ ಮಠಗಳು ಅನ್ನ, ಅಕ್ಷರ, ಆಶ್ರಯ ಮೂರನ್ನೂ ಕೊಡುವುದೇ ತಮ್ಮ ಕೆಲಸ ಅಂದುಕೊಂಡಿವೆ ಅಲ್ವಾ? ಹಾಗೆಯೇ ಹನ್ನೊಂದನೇ ಶತಮಾನದಲ್ಲಿ ಜೆರುಸಲೇಮಿನಲ್ಲಿ ಕೆಲವು ಸನ್ಯಾಸಿಗಳು, ಯಾತ್ರೆಗೆ ಬಂದು ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದೇ ತಮ್ಮ ವ್ರತ ಎಂದುಕೊಂಡರು. ಅವರ ಮುಖ್ಯಸ್ಥರ ಹೆಸರು ಗೆರಾರ್ಡ್. ಅವರ ಆಸ್ಪತ್ರೆ ಸಂತ ಯೋಹಾನರ ಹೆಸರಿನಲ್ಲಿತ್ತು. 1113ರಲ್ಲಿ ಪೋಪ್ ಈ ಗುಂಪಿಗೆ ಅಧಿಕೃತ ಮನ್ನಣೆ ಕೊಟ್ಟರು.

ಅವರು ತೊಡುತ್ತಿದ್ದದ್ದು ಕಪ್ಪು ನಿಲುವಂಗಿ, ಅದರ ಮೇಲೆ ಬಿಳಿ ಶಿಲುಬೆ. ಈ ಎರಡು ಬಣ್ಣ ನೆನಪಿಟ್ಟುಕೊಳ್ಳಿ.

ಮುಂದೆ ಇವರು ಕತ್ತಿಯನ್ನೂ ಹಿಡಿದರು. ಧರ್ಮಯುದ್ಧಗಳ ಕಾಲ ಅದು. ಜೆರುಸಲೇಮಿನಿಂದ ಕಾಲು ಕಿತ್ತ ಮೇಲೆ ಸೈಪ್ರಸ್, ಅಲ್ಲಿಂದ ರೋಡ್ಸ್ ದ್ವೀಪ, 1530ರಿಂದ ಮಾಲ್ಟಾ. 1798ರಲ್ಲಿ ನೆಪೋಲಿಯನ್ ಬಂದು ಮಾಲ್ಟಾದಿಂದಲೂ ಹೊರಹಾಕಿದ. ಆ ಎಂಟು ಮೊನೆಯ ಶಿಲುಬೆಗೆ ಮಾಲ್ಟಾ ಶಿಲುಬೆ ಅನ್ನುವ ಹೆಸರು ಬಂದದ್ದು ಈ ನಂಟಿನಿಂದ. ಇಂಗ್ಲೆಂಡಿನಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಎಂಬಲ್ಲಿ ಇವರದೊಂದು ದೊಡ್ಡ ಶಾಖಾ ಮಠ ಇತ್ತು. ಎಂಟನೇ ಹೆನ್ರಿ 1540ರಲ್ಲಿ ಅದನ್ನು ಮುಚ್ಚಿಸಿ ಆಸ್ತಿ ಕಿತ್ತುಕೊಂಡ. 1504ರಲ್ಲಿ ಕಟ್ಟಿದ ಅದರ ಹೆಬ್ಬಾಗಿಲು ಉಳಿಯಿತು. ಇವತ್ತಿಗೂ ಅದು ಅಲ್ಲೇ ನಿಂತಿದೆ.

ಸುಮಾರು ಮುನ್ನೂರು ವರ್ಷ ಬಿಟ್ಟು, 1831ರಲ್ಲಿ, ಇಂಗ್ಲೆಂಡಿನ ಕೆಲವರು ಆ ಹೆಸರನ್ನು ಮತ್ತೆ ಎಬ್ಬಿಸಿದರು. ಮೊದಮೊದಲು ಅದು ಹಳೆಯ ವೈಭವ ನೆನೆಯುವವರ ಕೂಟದ ಹಾಗಿತ್ತು. ಅದಕ್ಕೆ ನಿಜವಾದ ಕೆಲಸ ಸಿಕ್ಕಿದ್ದು ಗಣಿ, ರೈಲು ಮತ್ತು ಕಾರ್ಖಾನೆಗಳಿಂದ.

1870ರ ದಶಕದ ಇಂಗ್ಲೆಂಡನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಕಲ್ಲಿದ್ದಲ ಗಣಿಯಲ್ಲಿ ಚಾವಣಿ ಕುಸಿದು ಒಬ್ಬನ ಕಾಲು ಮುರಿಯುತ್ತದೆ. ಡಾಕ್ಟರು ಇರುವುದು ಮೈಲಿಗಟ್ಟಲೆ ದೂರ. ಜೊತೆಯವರು ಅವನನ್ನು ಹೇಗೋ ಎತ್ತಿ ಗಾಡಿಗೆ ಹಾಕುತ್ತಾರೆ. ಮುರಿದ ಮೂಳೆಗೆ ಆಧಾರ ಕಟ್ಟಿರುವುದಿಲ್ಲ. ಗಾಡಿ ಕುಲುಕಿದಂತೆ ಆ ಮೂಳೆ ಒಳಗೇ ಮಾಂಸ ಹರಿಯುತ್ತದೆ, ರಕ್ತನಾಳ ಸೀಳುತ್ತದೆ. ಅವನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅವನ ಜೀವ ಹೋದದ್ದು ಕಲ್ಲು ಬಿದ್ದದ್ದರಿಂದ ಮಾತ್ರ ಅಲ್ಲ. ಪಕ್ಕದಲ್ಲಿದ್ದವರಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಇದನ್ನು ಸರಿಪಡಿಸಲು 1877ರಲ್ಲಿ ಆರ್ಡರಿನ ಅಡಿಯಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಅಸೋಸಿಯೇಷನ್ ಹುಟ್ಟಿತು. ಅದರ ಯೋಚನೆ ಸರಳ: ಡಾಕ್ಟರ್ ಬರುವವರೆಗೆ ಏನು ಮಾಡಬೇಕೆಂದು ಸಾಮಾನ್ಯ ಜನರಿಗೆ ಕಲಿಸುವುದು. ಗಣಿಯವನಿಗೆ, ರೈಲ್ವೆಯವನಿಗೆ, ಪೊಲೀಸನಿಗೆ, ಮನೆಯ ಹೆಂಗಸರಿಗೆ. ಆಗ ಇದು ಎಲ್ಲರಿಗೂ ಒಪ್ಪಿಗೆಯಾಗುವ ಮಾತೇನೂ ಆಗಿರಲಿಲ್ಲ. ಓದದವರ ಕೈಗೆ ವೈದ್ಯವಿದ್ಯೆ ಕೊಡುವುದೇ ಎಂದು ಹುಬ್ಬು ಗಂಟಿಕ್ಕಿದವರೂ ಇದ್ದರು.

ಪೀಟರ್ ಶೆಫರ್ಡ್ ಎಂಬ ಸೇನಾ ವೈದ್ಯರು ಆ ಮೊದಲ ಪಾಠಗಳನ್ನು 1878ರಲ್ಲಿ ಲಂಡನ್ ಹತ್ತಿರದ ವುಲ್ವಿಚ್‌ನಲ್ಲಿ ಮಾಡಿದರು. ಪಾಠಕ್ಕಾಗಿ ಒಂದು ಕೈಪಿಡಿಯನ್ನೂ ಬರೆದರು. ಅದು ಅಚ್ಚಾಗುವುದನ್ನು ನೋಡಲು ಅವರಿರಲಿಲ್ಲ. 1879ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಇಸಾಂಡ್ಲ್ವಾನಾ ಕದನದಲ್ಲಿ ಅವರು ಸತ್ತರು. ಅವರ ಹಸ್ತಪ್ರತಿಯನ್ನು ತಿದ್ದಿ ಪುಸ್ತಕವಾಗಿಸಿದ್ದು ಜೇಮ್ಸ್ ಕ್ಯಾಂಟ್ಲಿ ಎಂಬ ಇನ್ನೊಬ್ಬ ವೈದ್ಯರು. ಈ ಕ್ಯಾಂಟ್ಲಿ ಮುಂದೆ ಮತ್ತೆ ಬರುತ್ತಾರೆ.

ಪಾಠ ಕಲಿತವರು ಸುಮ್ನೆ ಮನೆಯಲ್ಲಿ ಕೂರಲಿಲ್ಲ. ಹತ್ತಾರು ಜನ ಸೇರಿ ತಂಡ ಕಟ್ಟಿದರು, ಜನ ಸೇರುವ ಕಡೆ ಸ್ಟ್ರೆಚರ್ ಹಿಡಿದು ನಿಂತರು. ಆ ತಂಡಗಳಿಗೆ 1887ರಲ್ಲಿ ಒಂದು ರೂಪ ಬಂತು. ಅದೇ ಸೇಂಟ್ ಜಾನ್ ಆಂಬುಲೆನ್ಸ್ ಬ್ರಿಗೇಡ್. ಮರುವರ್ಷ, 1888ರಲ್ಲಿ, ವಿಕ್ಟೋರಿಯಾ ರಾಣಿ ಆರ್ಡರ್‌ಗೆ ರಾಜಶಾಸನ ಕೊಟ್ಟು ತಾವೇ ಅದರ ಮುಖ್ಯಸ್ಥರಾದರು.

ಬ್ರಿಗೇಡ್ ಬಂದ ಮೇಲೆ ಒಂದು ಹೊಸ ಪ್ರಶ್ನೆ ಎದ್ದಿತು. ಇವರು ಸೈನಿಕರಲ್ಲ. ಸಂಬಳ ಇಲ್ಲ, ಪಿಂಚಣಿ ಇಲ್ಲ. ವಾರವಿಡೀ ಗಣಿಯಲ್ಲೋ ರೈಲು ಯಾರ್ಡಿನಲ್ಲೋ ದುಡಿದು, ರಜೆಯ ದಿನ ಬಂದು ಸೇವೆ ಮಾಡುವವರು. ಹತ್ತು ಹದಿನೈದು ವರ್ಷ ಹೀಗೆ ಬರುವವನಿಗೆ ಏನು ಕೊಡುವುದು? ಸೈನ್ಯದಲ್ಲಿ ದೀರ್ಘ ಸೇವೆಗೆ ಪದಕ ಕೊಡುವ ಪದ್ಧತಿ 1830ರಿಂದಲೇ ಇತ್ತು. ಅದನ್ನೇ ಮಾದರಿಯಾಗಿಟ್ಟುಕೊಂಡು 1898ರಲ್ಲಿ ಈ ಸೇವಾ ಪದಕವನ್ನು ರೂಪಿಸಿದರು. 1900ರಿಂದ ಕೊಡಲು ಶುರುಮಾಡಿದರು. ವಿಕ್ಟೋರಿಯಾ ಹೆಸರಿನ ನಮ್ಮ ಬೆಂಗಳೂರಿನ ಆಸ್ಪತ್ರೆ ತೆರೆದದ್ದೂ ಅದೇ 1900ರಲ್ಲಿ.

ಮಗಳು ಕಡೆದ ಅಮ್ಮನ ಮುಖ

ಪದಕ ಗುಂಡಗಿದೆ. ಒಂದು ಕಡೆ ರಾಣಿಯ ಮುಖ, ಇನ್ನೊಂದು ಕಡೆ ರಾಜಲಾಂಛನ ಮತ್ತು ಆರ್ಡರಿನ ಶಿಲುಬೆ, ಸುತ್ತ ಲ್ಯಾಟಿನ್ ಭಾಷೆಯಲ್ಲಿ ಆರ್ಡರಿನ ಹೆಸರು. ರಿಬ್ಬನ್ನಿನಲ್ಲಿ ಒಂದೇ ಅಗಲದ ಐದು ಪಟ್ಟೆಗಳು. ಮೂರು ಕಪ್ಪು, ನಡುವೆ ಎರಡು ಬಿಳಿ. ಜೆರುಸಲೇಮಿನ ಆ ಸನ್ಯಾಸಿಗಳ ನಿಲುವಂಗಿಯ ಬಣ್ಣಗಳು ಇವೇ.

ರಾಣಿಯ ಮುಖ ಯಾಕೆ ಬದಲಾಗಲಿಲ್ಲ ಅನ್ನುವುದರ ಹಿಂದೆ ಮನಸ್ಸಿಗೆ ಹಿಡಿಸುವ ಒಂದು ವಿಷಯ ಇದೆ. ಆ ಮುಖವನ್ನು ರೂಪಿಸಿದ್ದು ರಾಣಿಯ ಮಗಳು ಲೂಯಿಸ್. ಈಕೆ ಹೊತ್ತು ಕಳೆಯಲು ಮಣ್ಣು ಮೆತ್ತಿದವಳಲ್ಲ, ಕಲಿತು ಪಳಗಿದ ಶಿಲ್ಪಿ. ಲಂಡನ್ನಿನ ಕೆನ್ಸಿಂಗ್ಟನ್ ಉದ್ಯಾನದಲ್ಲಿ ಆಕೆ ಕಡೆದ ತಾಯಿಯ ದೊಡ್ಡ ಪ್ರತಿಮೆ 1893ರಿಂದ ನಿಂತಿದೆ. ನಮ್ಮ ಕಬ್ಬನ್ ಪಾರ್ಕಿನಲ್ಲೂ ವಿಕ್ಟೋರಿಯಾ ರಾಣಿಯ ಪ್ರತಿಮೆ ಇದೆ, ಆದರೆ ಅದು ಬೇರೊಬ್ಬ ಶಿಲ್ಪಿಯ ಕೈಕೆಲಸ. ಪದಕದ ಮೇಲೆ ಇರುವುದು ಮಗಳು ಕಂಡ ಅಮ್ಮನ ಮುಖ. ಆರ್ಡರ್‌ಗೆ ಶಾಸನ ಕೊಟ್ಟ, ಅದರ ಮೊದಲ ಮುಖ್ಯಸ್ಥೆಯಾದ ರಾಣಿಯ ನೆನಪಾಗಿ ಅದು ಹಾಗೆಯೇ ಉಳಿದುಕೊಂಡಿದೆ.

ಲೋಹ ಮಾತ್ರ ಬದಲಾಗಿದೆ. ಮೊದಲಿಗೆ ಅಪ್ಪಟ ಬೆಳ್ಳಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆಳ್ಳಿಯ ಲೇಪ. ಇನ್ನೂ ಮುಂದೆ ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಲೋಹದ ಮೇಲೆ ಹೊಳಪಿನ ಲೇಪ.

ಯಾವುದು ಯಾವುದಕ್ಕೆ

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆರ್ಡರ್ ಆಫ್ ಸೇಂಟ್ ಜಾನ್ ಕೊಡುವ ಗೌರವಗಳಲ್ಲಿ ಮೂರು ಬೇರೆ ಬೇರೆ ಬಗೆಗಳಿವೆ. ಮೂರಕ್ಕೂ ಕಪ್ಪು ಬಣ್ಣದ ನಂಟಿದೆ, ಹಾಗಾಗಿ ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತವೆ.

ಮೊದಲನೆಯದು ಆರ್ಡರಿನ ಸದಸ್ಯತ್ವ. ಇದರಲ್ಲಿ ಮೆಟ್ಟಿಲುಗಳಿವೆ. ಮೆಂಬರ್, ಆಫೀಸರ್, ಕಮಾಂಡರ್, ನೈಟ್ ಅಥವಾ ಡೇಮ್, ಎಲ್ಲಕ್ಕಿಂತ ಮೇಲೆ ಬೇಲಿಫ್ ಗ್ರ್ಯಾಂಡ್ ಕ್ರಾಸ್. ಇವರು ಧರಿಸುವುದು ಎಂಟು ಮೊನೆಯ ಬಿಳಿ ಶಿಲುಬೆ, ಪೂರ್ತಿ ಕಪ್ಪು ರಿಬ್ಬನ್. ಇದನ್ನು ಅರ್ಜಿ ಹಾಕಿ ಪಡೆಯಲು ಆಗುವುದಿಲ್ಲ, ಬೇರೆಯವರು ನಿಮ್ಮ ಹೆಸರು ಸೂಚಿಸಬೇಕು. ಎರಡನೆಯದು ಜೀವರಕ್ಷಣಾ ಪದಕ. 1874ರಲ್ಲಿ ಶುರುವಾಯಿತು, ಅಂದರೆ ಸೇವಾ ಪದಕಕ್ಕಿಂತ ಹಳೆಯದು. ತನ್ನ ಜೀವವನ್ನು ಅಪಾಯಕ್ಕೊಡ್ಡಿ ಇನ್ನೊಬ್ಬರನ್ನು ಉಳಿಸಿದವರಿಗೆ ಅದು. ಒಂದೇ ದಿನದ, ಕೆಲವೊಮ್ಮೆ ಒಂದೇ ನಿಮಿಷದ ಕೆಲಸಕ್ಕೆ ಸಿಗುವ ಗೌರವ.

ಮೂರನೆಯದೇ ಈ ಸೇವಾ ಪದಕ. ಆರ್ಡರಿನ ಸದಸ್ಯರಾಗಿರಬೇಕು ಅಂತೇನಿಲ್ಲ. ಶೌರ್ಯ ತೋರಿಸಿರಬೇಕು ಅಂತಲೂ ಇಲ್ಲ. ಹುದ್ದೆ ದೊಡ್ಡದೋ ಚಿಕ್ಕದೋ ಯಾರೂ ಕೇಳುವುದಿಲ್ಲ. ಸ್ಟ್ರೆಚರ್ ಹೊರುವವನಿಗೂ ತಂಡದ ಡಾಕ್ಟರಿಗೂ ಒಂದೇ ಪದಕ, ಒಂದೇ ಅಳತೆ. ಇದನ್ನು ಪಡೆದವರು ಹೆಸರಿನ ಮುಂದೆ ಅಥವಾ ಹಿಂದೆ ಯಾವ ಅಕ್ಷರವನ್ನೂ ಹಾಕಿಕೊಳ್ಳುವಂತಿಲ್ಲ. ನನಗೆ ಈ ಮೂರರಲ್ಲಿ ಇದೇ ಜಾಸ್ತಿ ಇಷ್ಟ.

ಇನ್ನೂ ಒಂದನ್ನು ಸೇರಿಸಬೇಕು. ಬೋಯರ್ ಯುದ್ಧದಲ್ಲಿ, ಅಂದರೆ 1899ರಿಂದ 1902ರವರೆಗೆ, ಬ್ರಿಗೇಡಿನ ಸಾವಿರಕ್ಕೂ ಹೆಚ್ಚು ಜನ ದಕ್ಷಿಣ ಆಫ್ರಿಕಕ್ಕೆ ಹೋಗಿ ಗಾಯಾಳುಗಳನ್ನು ನೋಡಿಕೊಂಡರು. ಅವರಿಗೆ ಆರ್ಡರ್ ಬೇರೆಯದೇ ಪದಕ ಕೊಟ್ಟಿತು. ಅದರ ರಿಬ್ಬನ್ ಕಪ್ಪು, ಅಂಚು ಬಿಳಿ. ಹಳೆಯ ಪದಕ ಮಾರುವ ಕಡೆ ಇವೆರಡನ್ನು ಬೆರೆಸಿ ಹೇಳುವುದುಂಟು. ಪಟ್ಟೆ ಐದಿದ್ದರೆ ಮಾತ್ರ ಸೇವಾ ಪದಕ.

ವರ್ಷ ಎಣಿಸುವ ಲೆಕ್ಕ

ಆರಂಭದಲ್ಲಿ ಇಂಗ್ಲೆಂಡಿನಲ್ಲಿದ್ದವರಿಗೆ 15 ವರ್ಷ ಸೇವೆ ಬೇಕಿತ್ತು. ಸಮುದ್ರದಾಚೆಯ ದೇಶಗಳವರಿಗೆ ಅದಕ್ಕಿಂತ ಕಡಿಮೆ. ಮುಂದೆ 12 ವರ್ಷದ ಲೆಕ್ಕ ಬಳಕೆಗೆ ಬಂತು. ಪದಕ ಕೊಡುವುದು ಒಂದೇ ಸಲ. ಆಮೇಲಿನ ಪ್ರತಿ ಐದು ವರ್ಷಕ್ಕೆ ರಿಬ್ಬನ್ನಿನ ಮೇಲೆ ಒಂದು ಲೋಹದ ಬಾರ್ ಏರುತ್ತದೆ. 1911ರಲ್ಲಿ ಬಂದ ಮೊದಲ ಬಾರ್‌ಗಳ ಮೇಲೆ ಐದು ವರ್ಷದ ಸೇವೆ ಎಂದು ಅಕ್ಷರದಲ್ಲೇ ಬರೆದಿತ್ತು. 1924ರಿಂದ ಅಕ್ಷರ ಹೋಗಿ ಎಂಟು ಮೊನೆಯ ಶಿಲುಬೆ ಬಂತು.

ಆ ಲೆಕ್ಕದಲ್ಲಿ 12 ವರ್ಷಕ್ಕೆ ಪದಕ. 17, 22, 27ಕ್ಕೆ ಒಂದೊಂದು ಬೆಳ್ಳಿ ಬಾರ್. 32 ವರ್ಷವಾದಾಗ ಬೆಳ್ಳಿಯ ಬಾರ್‌ಗಳನ್ನು ತೆಗೆದು ಚಿನ್ನದ ಬಣ್ಣದ ಒಂದು ಬಾರ್ ಹಾಕುತ್ತಾರೆ. ಅದಾದಮೇಲೆ 37, 42, 47ಕ್ಕೆ ಮತ್ತೊಂದೊಂದು ಚಿನ್ನದ ಬಣ್ಣದ ಬಾರ್. 52 ವರ್ಷ ತುಂಬಿದವರಿಗೆ ಲಾರೆಲ್ ಎಲೆಯ ವಿನ್ಯಾಸವಿರುವ ಬಾರ್. ಐವತ್ತೆರಡು ವರ್ಷ! ಹದಿನೆಂಟರಲ್ಲಿ ಸೇರಿದವರಿಗೆ ಎಪ್ಪತ್ತಾಗಿರುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ಮಾತು ಅಡಗಿದೆ. ನಿಯಮ ಕೇಳುವುದು ಬರೀ ಸೇವೆಯನ್ನಲ್ಲ. ದಕ್ಷ ಸೇವೆ ಎಂದು ಕೇಳುತ್ತದೆ. ಹೆಸರು ನೋಂದಾಯಿಸಿ ಮನೆಯಲ್ಲಿ ಕೂತರೆ ಆ ವರ್ಷ ಲೆಕ್ಕಕ್ಕಿಲ್ಲ. ನಿಗದಿಯಾದಷ್ಟು ಕವಾಯತಿಗೆ, ಕರ್ತವ್ಯಕ್ಕೆ ಬಂದಿರಬೇಕು. ಬ್ರಿಗೇಡಿನ ಹಳೆಯ ಪದ್ಧತಿಯಂತೆ ಪ್ರತಿವರ್ಷ ಪ್ರಥಮ ಚಿಕಿತ್ಸೆಯ ಪರೀಕ್ಷೆಯನ್ನು ಮತ್ತೆ ಪಾಸು ಮಾಡಬೇಕು. ಈ ವರ್ಷ ಪಾಸಾಗಿಲ್ಲವೆಂದರೆ ಈ ವರ್ಷ ಸೇವೆಯೇ ಅಲ್ಲ. ಮೂವತ್ತು ವರ್ಷದ ಅನುಭವಿಯೂ ಹೊಸಬನ ಪಕ್ಕ ಕೂತು ಪಟ್ಟಿ ಕಟ್ಟಿ ತೋರಿಸಬೇಕು.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ನೀರಲ್ಲಿ ಮುಳುಗಿ ಉಸಿರು ನಿಂತವರಿಗೆ ಏನು ಮಾಡಬೇಕು?

ಪದಕ ಶುರುವಾದ ಕಾಲದಲ್ಲಿ ಕಲಿಸುತ್ತಿದ್ದದ್ದು ಸಿಲ್ವೆಸ್ಟರ್ ವಿಧಾನ. ರೋಗಿಯನ್ನು ಅಂಗಾತ ಮಲಗಿಸಿ, ಎರಡೂ ತೋಳುಗಳನ್ನು ತಲೆಯ ಮೇಲಕ್ಕೆ ಎಳೆದು, ಮತ್ತೆ ತಂದು ಎದೆಯ ಮೇಲೆ ಒತ್ತುವುದು. 1903ರಲ್ಲಿ ಶೇಫರ್ ವಿಧಾನ ಬಂತು. ರೋಗಿಯನ್ನು ಬೋರಲು ಹಾಕಿ ಸೊಂಟದ ಮೇಲ್ಭಾಗವನ್ನು ಲಯಬದ್ಧವಾಗಿ ಒತ್ತುವುದು. 1930ರ ದಶಕದಲ್ಲಿ ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್ ಬೇರೆ ದಾರಿ ತೋರಿಸಿದರು. ಬೆನ್ನು ಒತ್ತಿ, ಆಮೇಲೆ ಮೊಣಕೈ ಹಿಡಿದು ಎತ್ತುವುದು. 1950ರ ಆಚೀಚೆ ಹೆಚ್ಚಿನ ದೇಶಗಳು ಅದನ್ನು ಒಪ್ಪಿಕೊಂಡವು. ಆ ದಶಕ ಮುಗಿಯುವ ಹೊತ್ತಿಗೆ ಅದೂ ಹಳತಾಯಿತು, ಬಾಯಿಗೆ ಬಾಯಿಯಿಟ್ಟು ಉಸಿರು ಕೊಡುವುದೇ ಮೇಲು ಅಂತ ಸಾಬೀತಾಯಿತು. 1960ರಲ್ಲಿ ಎದೆ ಒತ್ತುವ ವಿಧಾನ ಬಂತು. 2005ರ ತನಕ 15 ಸಲ ಒತ್ತಿ 2 ಉಸಿರು ಕೊಡಿ ಎನ್ನುತ್ತಿದ್ದರು. ಆಮೇಲೆ 30 ಸಲ ಒತ್ತಿ 2 ಉಸಿರು ಎಂದರು.

1930ರಲ್ಲಿ ಸೇರಿ 1962ರಲ್ಲಿ ಚಿನ್ನದ ಬಣ್ಣದ ಬಾರ್ ಪಡೆದ ಒಬ್ಬ ಸ್ವಯಂಸೇವಕನನ್ನು ನೆನೆಸಿಕೊಳ್ಳಿ. ತಾನು ಸರಿಯೆಂದು ಕಲಿತಿದ್ದನ್ನು ಅವನು ಎರಡು ಮೂರು ಸಲ ಮರೆತು ಹೊಸದಾಗಿ ಕಲಿತಿರುತ್ತಾನೆ. ಕಲಿಯುವುದು ಸುಲಭ. ಕಲಿತದ್ದನ್ನು, ಅದೂ ಕೈಗೆ ರೂಢಿಯಾದದ್ದನ್ನು, ಬಿಡುವುದು ಕಷ್ಟ.

ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದಾಗ ಇದನ್ನು ಕಣ್ಣಾರೆ ನೋಡಬಹುದು. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಲ್ಲಿ ಕೊಯ್ಯುವುದು, ಬಾಯಲ್ಲಿ ವಿಷ ಹೀರುವುದು. ಒಂದು ಕಾಲದಲ್ಲಿ ಪುಸ್ತಕಗಳೇ ಇದನ್ನು ಹೇಳುತ್ತಿದ್ದವು. ಈಗ ಮೂರೂ ತಪ್ಪು. ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಕೈಕಾಲು ಅಲುಗಾಡದಂತೆ ಆಧಾರ ಕೊಟ್ಟು, ಧೈರ್ಯ ಹೇಳಿ, ವಿಷಕ್ಕೆ ಔಷಧಿ ಇರುವ ಆಸ್ಪತ್ರೆಗೆ ಬೇಗ ಮುಟ್ಟಿಸಿ. ಇಪ್ಪತ್ತು ವರ್ಷದ ಹಿಂದೆ ಒಮ್ಮೆ ಕಲಿತು ಆಮೇಲೆ ತಿರುಗಿ ನೋಡದವರು ಇವತ್ತಿಗೂ ಹಗ್ಗ ಹುಡುಕುತ್ತಾರೆ. ಪ್ರತಿವರ್ಷ ಪರೀಕ್ಷೆ ಬೇಕು ಅನ್ನುವುದು ಇದಕ್ಕೇ.

ಇನ್ನೊಂದು ಮಾತು. ಈ ಸೇವೆಯ ಬಹುಪಾಲು ದಿನಗಳಲ್ಲಿ ಏನೂ ನಡೆಯುವುದಿಲ್ಲ. ಮೈದಾನದ ಅಂಚಿನಲ್ಲಿ ಚೀಲ ಇಟ್ಟುಕೊಂಡು ನಿಂತಿರುತ್ತಾರೆ. ಆಟ ಮುಗಿಯುತ್ತದೆ, ಜನ ಮನೆಗೆ ಹೋಗುತ್ತಾರೆ. ಒಂದು ಮಂಡಿ ತರಚಿದ್ದು, ಬಿಸಿಲಿಗೆ ತಲೆಸುತ್ತು ಬಂದ ಒಬ್ಬ ಅಜ್ಜಿ, ಅಷ್ಟೇ. ಮುಂದಿನ ವಾರ ಮತ್ತೆ ಬರಬೇಕು. ಯಾರಾದರೂ ನಿಜವಾಗಿ ಕುಸಿದು ಬೀಳುವ ದಿನ ಯಾವುದೆಂದು ಮೊದಲೇ ಗೊತ್ತಾಗುವುದಿಲ್ಲ. ಎಂಟು ಮೊನೆಯ ಶಿಲುಬೆಯ ಒಂದೊಂದು ಮೊನೆಗೂ ಸೇಂಟ್ ಜಾನ್‌ನವರು ಒಂದೊಂದು ಗುಣ ಹೇಳುತ್ತಾರೆ: ಸರಿಯಾಗಿ ಗಮನಿಸುವುದು, ಜಾಣ್ಮೆಯಿಂದ ನಡೆದುಕೊಳ್ಳುವುದು, ಇದ್ದದ್ದರಲ್ಲೇ ದಾರಿ ಹುಡುಕುವುದು, ಕೈಚಳಕ, ಸ್ಪಷ್ಟ ಮಾತು, ಯಾವುದು ಮೊದಲು ಎಂಬ ವಿವೇಚನೆ, ಪಟ್ಟು ಬಿಡದಿರುವುದು, ಕನಿಕರ. ಪದಕ ಅಳೆಯುವುದು ಇದರಲ್ಲಿ ಏಳನೆಯದನ್ನು.

ನಮಗೂ ಇದಕ್ಕೂ ನಂಟೇನು

ಬ್ರಿಟಿಷರ ಕಾಲದಲ್ಲಿ ಬ್ರಿಗೇಡ್ ಭಾರತಕ್ಕೂ ಬಂತು. ರೈಲ್ವೆ, ಪೊಲೀಸ್, ಗಣಿ, ಕಾರ್ಖಾನೆಗಳಲ್ಲಿ ತಂಡಗಳು ಹುಟ್ಟಿದವು. ಭಾರತೀಯರೂ ಈ ಪದಕ ಪಡೆದರು. ಸಾಮ್ರಾಜ್ಯದ ರಾಣಿಯ ಮುಖವಿರುವ ಪದಕ ಅದು, ಹಾಗಾಗಿ ಅದರ ಬಗ್ಗೆ ಎರಡು ಮನಸ್ಸು ಇರುವುದು ಸಹಜ.

ಗಾಂಧೀಜಿಯನ್ನೇ ನೋಡಿ. ಬೋಯರ್ ಯುದ್ಧದಲ್ಲಿ ಅವರು ದಕ್ಷಿಣ ಆಫ್ರಿಕದ ನೇಟಾಲಿನಲ್ಲಿ ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿದರು. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಮೈಲಿ ಸ್ಟ್ರೆಚರ್ ಹೊತ್ತು ನಡೆದರು. 1914ರಲ್ಲಿ ಮಹಾಯುದ್ಧ ಶುರುವಾದ ಎರಡು ದಿನಕ್ಕೆ ಅವರು ಲಂಡನ್ ಮುಟ್ಟಿದರು. ಅಲ್ಲಿನ ಸುಮಾರು 80 ಭಾರತೀಯರನ್ನು ಸೇರಿಸಿ ಆರು ವಾರದ ಪ್ರಥಮ ಚಿಕಿತ್ಸೆಯ ಪಾಠಕ್ಕೆ ಕೂತರು. ಪಾಠ ಮಾಡಿದವರು ಜೇಮ್ಸ್ ಕ್ಯಾಂಟ್ಲಿ. ಹೌದು, ಸತ್ತುಹೋದ ಶೆಫರ್ಡರ ಕೈಪಿಡಿಯನ್ನು ಮೂವತ್ತೈದು ವರ್ಷದ ಹಿಂದೆ ತಿದ್ದಿ ಕೊಟ್ಟವರೇ. ಗಣಿ ಕಾರ್ಮಿಕರಿಗೆಂದು ಶುರುವಾದ ಪಾಠ ಹೀಗೆ ಗಾಂಧೀಜಿಯ ಕೈಗೂ ಬಂತು.

ಆಂಬುಲೆನ್ಸ್ ಸೇವೆಗಾಗಿ ಬ್ರಿಟಿಷ್ ಸರ್ಕಾರ ಗಾಂಧೀಜಿಗೆ ಬೋಯರ್ ಯುದ್ಧದ ಪದಕ, ಜುಲು ಯುದ್ಧದ ಪದಕ ಕೊಟ್ಟಿತ್ತು. ಜೊತೆಗೆ ಕೈಸರ್-ಎ-ಹಿಂದ್ ಚಿನ್ನದ ಪದಕ. ಇವು ಸೇಂಟ್ ಜಾನ್ ಪದಕಗಳಲ್ಲ, ಸರ್ಕಾರದವು. 1920ರ ಆಗಸ್ಟಿನಲ್ಲಿ ಅವರು ಮೂರನ್ನೂ ಹಿಂತಿರುಗಿಸಿದರು. ಕೊಟ್ಟ ಸರ್ಕಾರದ ಮೇಲೆ ಗೌರವ ಉಳಿಯಲಿಲ್ಲ ಅಂದರು. ಆದರೆ ಗಾಯಾಳುಗಳನ್ನು ಹೊತ್ತ ಕೆಲಸವನ್ನು ತಪ್ಪೆನ್ನಲಿಲ್ಲ. ನನಗನ್ನಿಸುವುದು, ಇಂಥ ಪದಕವನ್ನು ನೋಡುವ ಸರಿಯಾದ ದಾರಿಯೂ ಅದೇ. ಮುಖ ಯಾರದೇ ಇರಲಿ, ಅದರ ಹಿಂದಿನ ಕೆಲಸ ಧರಿಸಿದವನದು.

ಸ್ವಾತಂತ್ರ್ಯ ಬಂದ ಮೇಲೂ ಸೇಂಟ್ ಜಾನ್ ಆಂಬುಲೆನ್ಸ್ ಭಾರತದಲ್ಲಿ ಉಳಿಯಿತು. ದೆಹಲಿಯಲ್ಲಿ ಅದರ ಕೇಂದ್ರ ಕಚೇರಿ ಇಂಡಿಯನ್ ರೆಡ್ ಕ್ರಾಸ್ ಜೊತೆಯಲ್ಲೇ ಇದೆ. ಎರಡಕ್ಕೂ ಭಾರತದ ರಾಷ್ಟ್ರಪತಿಯೇ ಅಧ್ಯಕ್ಷರು. ರೈಲ್ವೆಯಲ್ಲಿ ಅದರ ಬ್ರಿಗೇಡ್ ಇಂದಿಗೂ ಇದೆ, ವಲಯಗಳ ನಡುವೆ ಪ್ರಥಮ ಚಿಕಿತ್ಸೆಯ ಸ್ಪರ್ಧೆಗಳು ನಡೆಯುತ್ತವೆ. 1948ರ ಕಾರ್ಖಾನೆ ಕಾಯ್ದೆ 150 ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕು, ಅದನ್ನು ತರಬೇತಿ ಪಡೆದವರೇ ನೋಡಿಕೊಳ್ಳಬೇಕು ಅನ್ನುತ್ತಿತ್ತು. 1955ರ ಗಣಿ ನಿಯಮಗಳಲ್ಲಂತೂ ಸೇಂಟ್ ಜಾನ್ ಸರ್ಟಿಫಿಕೇಟಿನ ಹೆಸರೇ ಇತ್ತು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಯಲ್ಲಿ ಶುರುವಾದ ಕೆಲಸ ನಮ್ಮ ಕೋಲಾರದ, ಹಟ್ಟಿಯ ಚಿನ್ನದ ಗಣಿಗಳಿಗೂ ನಿಯಮವಾಗಿ ಬಂದದ್ದು ಹೀಗೆ.

ಇಂಥ ವಿದೇಶಿ ಮೂಲದ ಗೌರವವನ್ನು ಭಾರತೀಯರು ಪಡೆಯಬಹುದೇ ಎಂದು ಕೇಳುವವರಿದ್ದಾರೆ. ಸಂವಿಧಾನದ 18ನೇ ವಿಧಿ ಮಾತಾಡುವುದು ಬಿರುದುಗಳ ಬಗ್ಗೆ. ಹೆಸರಿನ ಮುಂದೆ ಸರ್, ರಾಯ್ ಬಹದ್ದೂರ್ ಅಂತ ಹಾಕಿಕೊಂಡು ಮೆರೆಯುವುದನ್ನು ಅದು ತಡೆಯಿತು. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಆದರೆ ಹೆಸರಿನ ಜೊತೆ ಅವನ್ನು ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಸೇವಾ ಪದಕ ಹೆಸರಿಗೆ ಏನನ್ನೂ ಸೇರಿಸುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ.

ನಿಮ್ಮ ಅಜ್ಜನೋ ಮುತ್ತಜ್ಜನೋ ರೈಲ್ವೆಯಲ್ಲಿ, ಗಣಿಯಲ್ಲಿ, ಪೊಲೀಸಿನಲ್ಲಿ ಇದ್ದರೆ, ಹಳೆಯ ಟ್ರಂಕಿನ ತಳದಲ್ಲಿ ಕಪ್ಪು ಬಿಳಿ ಪಟ್ಟೆಯ ಒಂದು ಪದಕ ಸಿಕ್ಕರೂ ಸಿಗಬಹುದು. ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ರಿಬ್ಬನ್ ಕೊಳೆಯಾಗಿದ್ದರೂ ಹೊಸದು ಹಾಕಬೇಡಿ. ಮೊದಲು ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ಪದಕಗಳಲ್ಲಿ ಪಡೆದವರ ಹೆಸರು, ಅವರ ತಂಡ, ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ. ಇಂಗ್ಲಿಷಿನಲ್ಲಿ ಎಸ್, ಜೆ, ಎ, ಬಿ, ಓ ಎಂಬ ಐದು ಅಕ್ಷರ ಕಂಡರೆ ಅದು ಸಮುದ್ರದಾಚೆಯ ಬ್ರಿಗೇಡಿನದು, ಅಂದರೆ ಇಂಗ್ಲೆಂಡಿನ ಹೊರಗೆ ಸೇವೆ ಮಾಡಿದವರದು. ಆಮೇಲೆ ರಿಬ್ಬನ್ನಿನ ಮೇಲಿನ ಬಾರ್‌ಗಳನ್ನು ಎಣಿಸಿ. ಬೆಳ್ಳಿಯ ಬಾರ್ ಒಂದೊಂದಕ್ಕೂ ಐದು ವರ್ಷ, ಒಂದೊಂದು ವರ್ಷಕ್ಕೂ ಒಂದು ಪರೀಕ್ಷೆ.